ಬ್ಯಾಂಕಾಕಿನಲ್ಲಿ ನೋಡತಕ್ಕ ಎಂಟು ಸ್ಥಳಗಳು

|| ಶ್ರೀ ಗುರು ಪ್ರಸನ್ನ ||

ಬ್ಯಾಂಕಾಕ್
೯ ಫೆಬ್ರುವರಿ ೧೯೮೪, ಗುರುವಾರ

ಚಿ. ಸೌ. ಬನಶಂಕರಿಗೆ ನಿನ್ನ ಭಾವ ಸಂಗಯ್ಯನ ಆಶೀರ್ವಾದಗಳು.

ನಾನು ಇಲ್ಲಿ ಮುಟ್ಟಿ ಮೂರು ದಿನವಾಯಿತು. ಮುಟ್ಟಿದ ದಿನವೇ ಕಾಗದ ಹಾಕುತ್ತೇನೆಂದು ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ನಿನಗೆ ಮಾತು ಕೊಟ್ಟಿದ್ದೆ. ತಡವಾಯಿತು, ಸಿಟ್ಟಾಗಬೇಡ. ದಿನಚರಿ ಮಾತ್ರ ತಪ್ಪದೆ ಬರೆದೆ. ಕಾಗದಕ್ಕೆ ಕೈ ಬರಲಿಲ್ಲ. ನಿನಗೆ ಬೇಕಾದ ಸುದ್ದಿ ಸಿಕ್ಕ ಮೇಲೆ ಬರೆಯೋಣವೆಂದು ಕಾದೆ; ಅದು ಇನ್ನೂ ಸಿಕ್ಕಿಲ್ಲ. ಆರೋಗ್ಯ ನೆಟ್ಟಗಿದೆ. ನೀನೂ ಗುರುಲಿಂಗವ್ವನೂ ಕೂಡಿ ಬಡಿದು ಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇನ್ನೂ ನಾಲ್ಕು ದಿನಕ್ಕೆ ಆಗುತ್ತವೆ. ಗುರುಲಿಂಗವ್ವನಿಗೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು. ನನ್ನ ಹೆಂಡತಿ ನನ್ನ ಮಾತು ಕೇಳುವುದಿಲ್ಲ, ನಿನ್ನದು ಕೇಳುತ್ತಾಳೆ.

ನೀನು ಹೇಳಿದಂತೆ ಮೇಲೆ ‘ಸೌ.’ ಎಂದೇ ಬರೆದಿದ್ದೇನೆ. ತಮ್ಮ ರಾಚಯ್ಯ ಈ ಊರಲ್ಲಿ ತೀರಿಕೊಂಡು ಎಂಟು ತಿಂಗಳಾದವು. ನೀನು ಬಳೆ ಒಡೆದಿಲ್ಲ, ಕುಂಕುಮ ಅಳಿಸಿಲ್ಲ. ಇವತ್ತಿಗೂ ಊಟದ ಹೊತ್ತಿಗೆ ಅವನ ತಾಟು ಹಚ್ಚಿಡುತ್ತೀ. ಊರ ಮಂದಿಗೆಲ್ಲ ನಿಂತು ಮಣ್ಣು ಕೊಡಿಸುವ ಅಯ್ಯ ತನ್ನ ಮನೆಯದನ್ನೇ ಹೀಗೆ ಬಿಟ್ಟನಲ್ಲ ಎಂದು ಜನ ಆಡಿಕೊಂಡರು. ನೀನು ಹೇಳಿದ್ದು ಒಂದೇ ಮಾತು, ಅದನ್ನು ಆವತ್ತಿನ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ: “ಸುಟ್ಟಾರಂತ ಹೇಳ್ತಾರ. ನಮ್ಮವರನ್ನ ಯಾರರ ಸುಡ್ತಾರೇನ್ರಿ ಭಾವಾರ? ಅವರ ಲಿಂಗ ತಂದು ನನ್ನ ಕೈಯಾಗ ಕೊಡ್ರಿ. ಅದಕ್ಕ ಮಣ್ಣು ಕೊಟ್ಟ ದಿವಸ ಬಳಿ ಒಡೀತೇನಿ. ಅಲ್ಲೀತನಕ ಅವರು ಬರೋರ ಅದಾರ.”

ಅದಕ್ಕಾಗಿಯೇ ಬಂದಿದ್ದೇನೆ. ಬರಿಗೈಯಲ್ಲಿ ಬರುವುದಿಲ್ಲ.

ವಿಮಾನ ಇಳಿದು ಹೊರಗೆ ಬಂದಾಗ ಜಲಾಲುದ್ದೀನ ನಿಂತಿದ್ದ. ರಾಚಯ್ಯನ ಜೋಡಿ ಕಲ್ಲಿನ ಪಾಲೀಶ್ ಕೆಲಸಕ್ಕೆ ಬಂದವನು, ನಿನಗೆ ಗೊತ್ತಿದ್ದವನೇ. ನನ್ನನ್ನು ಕಂಡು ನಾಲ್ಕು ಹೆಜ್ಜೆ ಹಿಂದೆ ಸರಿದ. ಆಮೇಲೆ ಮುಖ ಒರೆಸಿಕೊಂಡು ಬಂದು ಚೀಲ ಇಸಿದುಕೊಂಡ. ಸಣ್ಣಯ್ಯಾರೇ ಬಂದಂಗಾತು, ಹೆಜ್ಜಿ ಸೈತ ಅವರದ ಎಂದ. ನಾವಿಬ್ಬರೂ ಒಂದೂವರೆ ವರ್ಷದ ಅಂತರದಲ್ಲಿ ಹುಟ್ಟಿದವರು. ಊರಲ್ಲಿ ಹಿಂದಿನಿಂದ ಕಂಡವರು ಹೆಸರು ತಪ್ಪಿ ಕರೆಯುತ್ತಿದ್ದರು. ಅಲ್ಲಿ ಅದು ನಗೆಯ ಮಾತಾಗಿತ್ತು.

ದಾರಿಯುದ್ದಕ್ಕೂ ಅವನು ಊರಿನ ಸುದ್ದಿ ಕೇಳಿದ. ಹುನಗುಂದದ ರಸ್ತೆ ಆಯಿತೇ, ಯಾರ ಮಗಳ ಮದುವೆ ಆಯಿತು, ಇಂಥವೇ. ಇಲ್ಲಿಯ ಮಂದಿ ಖಾರ ನಮ್ಮಷ್ಟೇ ತಿನ್ನುತ್ತಾರಂತೆ, ಆದರೆ ಅದರೊಳಗೆ ಸಕ್ಕರೆ ಹಾಕಿ ಕೆಡಿಸುತ್ತಾರಂತೆ. ನಾನು ಕೇಳಿದ್ದು ಒಂದೇ. ರಾಚಯ್ಯ ತೀರಿಕೊಂಡ ಜಾಗ ಎಲ್ಲಿ, ಅವನ ಲಿಂಗ ಯಾರ ಹತ್ತಿರ ಇದೆ? ‘ನಾಳೆ ಹೋಗೂಣ್ರಿ’ ಎಂದ.

ಮರುದಿನ ಒಂದು ಹಾಳೆ ತಂದ. ಯಾವುದೋ ಹೋಟೆಲಿನವರು ಅಚ್ಚು ಹಾಕಿಸಿದ್ದು. ‘ಬ್ಯಾಂಕಾಕಿನಲ್ಲಿ ನೋಡತಕ್ಕ ಎಂಟು ಸ್ಥಳಗಳು’ ಎಂದು ಇಂಗ್ಲಿಷಿನಲ್ಲಿದೆ. ನನಗೆ ಬರುವ ಅಷ್ಟಿಷ್ಟು ಇಂಗ್ಲಿಷಿಗೆ ಅಷ್ಟು ತಿಳಿಯಿತು. ಟಿಕೀಟು ಕೊಡಿಸಿದ ಕಲ್ಲಿನ ಸಾಹುಕಾರರು ನನಗೆ ಊರು ತೋರಿಸಲು ಹೇಳಿದ್ದಾರಂತೆ. ನಾನು ತಮ್ಮನ ಮಣ್ಣಿಗೆ ಬಂದವನು, ಜಾತ್ರೆಗಲ್ಲ ಎಂದೆ. ಅವನು ತಲೆ ಬಗ್ಗಿಸಿ ಹಾಳೆಯನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ನಿಂತ. ಊರಿನ ಹುಡುಗ, ಪಾಪ ಎನಿಸಿ ಹೊರಟೆ.

ಮೊದಲನೆಯದು ಅರಮನೆಯ ಗುಡಿ. ದೇವರು ಹಸಿರು ಕಲ್ಲಿನವನು, ಒಂದೂವರೆ ಮೊಳ ಇದ್ದಾನು. ಬಿಸಿಲಿಗೊಂದು, ಮಳೆಗೊಂದು, ಚಳಿಗೊಂದು ಅರಿವೆ ತೊಡಿಸುತ್ತಾರಂತೆ. ಎರಡನೆಯ ಗುಡಿಯಲ್ಲಿ ಬುದ್ಧ ಮಲಗಿದ್ದಾನೆ. ಗುಡಿಯ ಈ ತುದಿಯಿಂದ ಆ ತುದಿಯವರೆಗೆ ಬಂಗಾರದ ಮೈ. ಅಂಗಾಲೇ ನನ್ನ ಎರಡಾಳೆತ್ತರ. ನಾನು ಅಲ್ಲಿ ಬಹಳ ಹೊತ್ತು ನಿಲ್ಲಲಾರದೆ ಹೋದೆ. ಮೂವತ್ತು ವರ್ಷ ಸತ್ತವರನ್ನು ಕೂಡ್ರಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಮಣ್ಣು ಕೊಡಿಸಿದ್ದೇನೆ. ಮಲಗಿದವನ ಕಣ್ಣು ತೆರೆದಿದ್ದವು.

ಹೊರಗೆ ಹೊಳೆಯ ಕಟ್ಟೆಯ ಹತ್ತಿರ ಚಹದ ಅಂಗಡಿ. ಅಂಗಡಿಯ ಮುದುಕಿ ನಾವು ಕೇಳುವ ಮೊದಲೇ ಒಂದು ಗ್ಲಾಸು ತಂದು ನನ್ನ ಮುಂದಿಟ್ಟಳು. ಹಾಲಿಲ್ಲ, ಸಕ್ಕರೆಯಿಲ್ಲ, ಮೇಲೆ ಲಿಂಬೆ ಹಿಂಡಿದ್ದು. ರಾಚಯ್ಯ ಹೇಗೆ ಕುಡಿಯುತ್ತಿದ್ದ ಎಂಬುದು ನಿನಗೆ ಗೊತ್ತು. ಜಲಾಲುದ್ದೀನ ನನ್ನ ಮುಖ ನೋಡಲಿಲ್ಲ. ಕೆಲಸಗಾರರ ಚಾಳು ಇಲ್ಲಿಯೇ ಹತ್ತಿರ, ಇವರೆಲ್ಲ ಸಣ್ಣಯ್ಯಾರನ್ನು ಕಂಡವರು ಎಂದಷ್ಟೇ ಹೇಳಿದ. ಮೂರನೆಯ ಸ್ಥಳಕ್ಕೆ ಹೊಳೆ ದಾಟಬೇಕು. ದೋಣಿಯಲ್ಲಿ ನಾನು ಕೂತ ಹಲಗೆಯಿಂದ ಮಂದಿ ಒಬ್ಬೊಬ್ಬರೇ ಎದ್ದು ಆಚೆ ಹೋದರು. ನಮ್ಮ ಕಡೆಯೂ ಅಯ್ಯ ಬಂದರೆ ಜಾಗ ಬಿಡುತ್ತಾರೆ, ಆದರೆ ಹೀಗಲ್ಲ. ಒಬ್ಬ ಹೆಣ್ಣುಮಗಳು ತನ್ನ ಕೂಸಿನ ಮುಖವನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು.

ನಾಲ್ಕನೆಯದು ಹಾವುಗಳ ದವಾಖಾನೆ. ಹಾವು ನೋಡಲು ಬಾದಾಮಿ ಗುಡ್ಡ ಸಾಲದೇ ಎಂದು ಬಿಟ್ಟೆ.

ಇವತ್ತು ಐದನೆಯದು, ನೀರ ಮೇಲಿನ ಸಂತೆ. ಕಾಲುವೆಯ ತುಂಬ ಸಣ್ಣ ಸಣ್ಣ ದೋಣಿ, ದೋಣಿಯ ತುಂಬ ಕಾಯಿಪಲ್ಲೆ, ಹೆಂಗಸರ ಮಾತು. ನಮ್ಮ ದೋಣಿ ಬಂದದ್ದೇ ಮಾತು ನಿಂತಿತು. ದೂರದಿಂದ ಒಬ್ಬಳು ಏನೋ ಕೂಗುತ್ತ ಹುಟ್ಟು ಹಾಕಿಕೊಂಡು ಬಂದಳು. ಬಂದವಳು ಒಂದು ಗಂಟು ನನ್ನ ತೊಡೆಯ ಮೇಲೆ ಇಟ್ಟಳು. ಬಿಚ್ಚಿದೆ. ಎರಡು ಧೋತರ, ಒಂದು ಅಂಗಿ, ಒಗೆದು ಮಡಿಕೆ ಮಾಡಿದ್ದು. ಅಂಗಿಯ ಕೊರಳಪಟ್ಟಿಯ ಒಳಗೆ ನೀನು ಕೆಂಪು ದಾರದಲ್ಲಿ ಹೊಲಿದ ‘ರಾ’.

ಏನಂದಳು ಎಂದು ಕೇಳಿದೆ.

“ಅರಿವಿ ಒಗದು ಭಾಳ ದಿನಾ ಆತು, ಒಯ್ಯಾಕ ಯಾಕ ಬರಲಿಲ್ಲ ಅಂತಾಳ್ರಿ.”

“ಅವ ಸತ್ತಾನ, ನಾ ಅವನ ಅಣ್ಣ ಅಂತ ಹೇಳು.”

“ಸತ್ತಿದ್ದು ಅಕಿಗೆ ಗೊತ್ತೈತ್ರಿ ಅಯ್ಯಾರ. ಸತ್ತಾವ್ರು ಬರೂದು ಹೊಸಾದೇನಲ್ಲ, ಅರಿವಿ ಒಯ್ಯಲಿ ಅಂತಾಳ.”

ಅವಳು ನಗಲಿಲ್ಲ, ಹೆದರಲೂ ಇಲ್ಲ. ನನಗೆ ಕೈ ಮುಗಿದು ತನ್ನ ದೋಣಿ ತಿರುಗಿಸಿಕೊಂಡು ಹೋದಳು. ಆ ಬಟ್ಟೆ ಈಗ ನನ್ನ ಮಂಚದ ಮೇಲೆ ಇವೆ. ಅವನ ಅಂಗಿ ನನಗೆ ಸರಿಯಾಗುತ್ತದೆ ಎಂಬುದು ತೊಡದೆಯೇ ಗೊತ್ತು. ನಾಳೆ ಜಲಾಲುದ್ದೀನನನ್ನು ಬಿಡುವುದಿಲ್ಲ. ಲಿಂಗ ಎಲ್ಲಿದೆಯೆಂದು ನಿಚ್ಚಳ ಹೇಳಿಸಿಕೊಂಡೇ ಬರೆಯುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಗುರು ನಿನ್ನನ್ನು ಕಾಯಲಿ.

ನಿನ್ನ ಭಾವ,
ಸಂಗಯ್ಯ

* * *

ಮದ್ರಾಸ್
೧೫ ಫೆಬ್ರುವರಿ ೧೯೮೪, ಬುಧವಾರ

ಬನಶಂಕರಿಗೆ ಸಂಗಯ್ಯನ ಆಶೀರ್ವಾದ.

ಈ ಕಾಗದವನ್ನು ಜಲಾಲುದ್ದೀನ ನಿನ್ನ ಕೈಗೇ ಕೊಡುತ್ತಾನೆ. ಅವನ ಕರಾರು ಮುಗಿದು ನನ್ನ ಜೊತೆಗೇ ವಿಮಾನ ಹತ್ತಿದ. ಇವತ್ತಿನ ರೈಲಿಗೆ ಊರಿಗೆ ಹೊರಟಿದ್ದಾನೆ. ಕಾಗದದ ಜೊತೆ ಬಿಳಿ ಅರಿವೆಯಲ್ಲಿ ಕಟ್ಟಿದ ಬೆಳ್ಳಿಯ ಕರಡಿಗೆ ಇದೆ. ಅದರೊಳಗೆ ಇರುವುದು ನಿನ್ನ ಗಂಡನ ಲಿಂಗ. ಮುಂದೆ ಏನೇ ಓದಿದರೂ ಇದನ್ನು ಮಾತ್ರ ನಂಬು, ಅದು ಅವನದೇ. ನಾನು ಯಾಕೆ ಜೊತೆಗೆ ಬರಲಿಲ್ಲ ಎಂಬುದನ್ನು ಕೊನೆಗೆ ಬರೆಯುತ್ತೇನೆ. ಒಂದು ವಾರ ಸುದ್ದಿಯಿಲ್ಲದೆ ಇಟ್ಟೆ. ಇದೂ ನನ್ನದೇ ತಪ್ಪು.

ಶುಕ್ರವಾರ ಜಲಾಲುದ್ದೀನ ಆ ಹಾಳೆ ಹಿಡಿದು ಬಂದಾಗ ನಾನು ಕೋಣೆಯ ಬಾಗಿಲಲ್ಲೇ ಕೂತೆ. ಆರನೆಯದೂ ಬೇಡ, ಏಳನೆಯದೂ ಬೇಡ, ನನ್ನ ತಮ್ಮ ಸತ್ತ ಜಾಗ ತೋರಿಸದಿದ್ದರೆ ಇಲ್ಲಿಂದ ಏಳುವುದಿಲ್ಲ ಎಂದೆ. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಎಂಟನೆಯ ಸ್ಥಳ ಎಂದು ಆ ಹೋಟೆಲಿನವರು ತಮ್ಮ ಹೋಟೆಲನ್ನೇ ಹಾಕಿಕೊಂಡಿದ್ದರು. ಕೆಂಪು ಶಿಲೆಯ ನಮ್ಮ ದೊಡ್ಡ ಪಡಸಾಲೆಯನ್ನು ತಪ್ಪದೆ ನೋಡಿರಿ ಎಂದಿತ್ತು.

“ಇದ ಆ ಜಾಗಾ,” ಅಂದ. “ಒಂದೊಂದ ತೋರಿಸ್ಕೋತ ದಿನಾ ಕಳದ್ರ, ನಿಮ್ಮ ವಿಮಾನದ ದಿವಸ ಬರ್ತೈತಿ, ನೀವು ಹೋಗಿಬಿಡ್ತೀರಿ ಅಂತ ಮಾಡಿದ್ದೆ. ಕೆಲಸದ ಮಂದಿ ಕೈ ಮುಗದು ಕೇಳಿಕೊಂಡಿದ್ರು. ಸಣ್ಣಯ್ಯಾರನ್ನ ಇಲ್ಲಿಂದ ಒಯ್ಯಾಕ ಬಿಡಬ್ಯಾಡ ಅಂತ.”

ಸುಟ್ಟವನನ್ನು ಒಯ್ಯುವುದು ಹೇಗೆ ಎಂದು ಕೇಳಿದೆ. ‘ನಡೀರಿ, ನೋಡ್ರಿ’ ಎಂದ.

ನಾವು ಹೋದಾಗ ನಡು ಮಧ್ಯಾಹ್ನ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಬನಶಂಕರಿ, ಆ ನೆಲ ನಮ್ಮ ಇಳಕಲ್ಲಿನ ಕಲ್ಲು. ಊರಲ್ಲಿ ಒಡೆದು ಬಿದ್ದಾಗ ಅದು ಧೂಳು ಹಿಡಿದ ಕಲ್ಲು, ಅಷ್ಟೇ. ಅಲ್ಲಿ ಅದಕ್ಕೆ ಎಂಥ ಪಾಲೀಶ್ ಹಚ್ಚಿದ್ದಾರೆಂದರೆ, ಕೆಂಪು ನೀರು ತುಂಬಿದ ಹೊಂಡದ ಮೇಲೆ ಕಾಲಿಟ್ಟಂತೆ. ಬರಿಗಾಲಲ್ಲಿ ನಡೆದೆ. ಕೆಳಗೆ ರಾಚಯ್ಯ ನಡೆಯುತ್ತಿದ್ದ, ತಲೆಕೆಳಗಾಗಿ, ನನ್ನ ಅಂಗಾಲಿಗೆ ತನ್ನ ಅಂಗಾಲು ಹಚ್ಚಿ. ಅದು ನನ್ನ ನೆರಳೇ ಎಂದು ಬುದ್ಧಿಗೆ ಗೊತ್ತಿತ್ತು. ಆದರೂ ಕಾಲು ಎತ್ತಿದಾಗಲೆಲ್ಲ ಅವನನ್ನು ಬಿಟ್ಟಂತೆ, ಇಟ್ಟಾಗಲೆಲ್ಲ ತುಳಿದಂತೆ ಆಗುತ್ತಿತ್ತು.

ಆಗ ಸಪ್ಪಳ ಕೇಳಿತು. ಕಲ್ಲಿನ ಮೇಲೆ ಕಲ್ಲು ಹಚ್ಚಿ ತಿಕ್ಕುವ ಸಪ್ಪಳ, ನಿಂತು ನಿಂತು, ಒಬ್ಬ ಮನುಷ್ಯ ದಮ್ಮು ತೆಗೆದುಕೊಂಡು ಕೆಲಸ ಮಾಡಿದಂತೆ. ಪಡಸಾಲೆಯ ಯಾವ ಮೂಲೆಗೆ ಹೋದರೂ ಅದು ಇನ್ನೊಂದು ಮೂಲೆಯಿಂದ ಬಂತು.

“ನೀರಿನ ಪಂಪು ಅಂತಾರ್ರಿ ಹೋಟೆಲಿನವರು,” ಅಂದ ಜಲಾಲುದ್ದೀನ.

“ನೀ ಏನಂತಿ?”

“ನಾ ಪಂಪಿನ ಸಪ್ಪಳಾನೂ ಕೇಳೇನಿ, ಪಾಲೀಶಿನ ಸಪ್ಪಳಾನೂ ಕೇಳೇನಿ.”

ಅವನು ಅಲ್ಲಿಯೇ ನಿಂತು ಎಲ್ಲ ಹೇಳಿದ. ನೆಲದ ಕೊನೆಯ ಪಾಲೀಶ್ ನಡೆದಿತ್ತಂತೆ. ನೀರು ಬಿಟ್ಟುಕೊಂಡು ಮಶೀನು ಓಡಿಸುವಾಗ ವಾಯರು ಹರಿದು ನೀರಲ್ಲಿ ಕರೆಂಟು ಬಂತು. ರಾಚಯ್ಯ ಕೂಗಲೂ ಇಲ್ಲ. ಪೊಲೀಸರು ಒಯ್ದರು, ಮೂರನೆಯ ದಿನ ಅವರ ಪದ್ಧತಿಯಂತೆ ಸುಟ್ಟರು. ನಮ್ಮಲ್ಲಿ ಸುಡುವುದಿಲ್ಲ ಎಂದು ಜಲಾಲುದ್ದೀನ ಕಚೇರಿಯಿಂದ ಕಚೇರಿಗೆ ಓಡಿದ. ಕೊನೆಗೆ ತಮ್ಮವರ ಕಬರಸ್ತಾನದ ಮೂಲೆಯಲ್ಲಿ ಆರಡಿ ಜಾಗ ಸೈತ ಕೇಳಿ ಒಪ್ಪಿಸಿದ್ದನಂತೆ. ಅಷ್ಟರಲ್ಲಿ ಆಗಿಹೋಗಿತ್ತು. ಇದನ್ನು ಹೇಳುವಾಗ ಅವನು ಅತ್ತ. ಆ ಹುಡುಗನ ಮೇಲೆ ನಾವು ಯಾರೂ ಮಾತು ಹೊರಿಸಬಾರದು.

“ಲಿಂಗ ಮೈಮ್ಯಾಲೆ ಇತ್ತಿಲ್ಲೋ?” ಎಂದು ಕೇಳಿದೆ.

“ಇರಲಿಲ್ರಿ. ಕಡೀ ಎರಡು ತಿಂಗಳು ಕೆಲಸಕ್ಕ ಇಳಿಯೂ ಮುಂದ ತಗದು ಮೊಳಿಗೆ ತೂಗಹಾಕ್ತಿದ್ರು. ನಾ ಕೇಳಿದ್ದೆ, ನಿಮ್ಮಾಗ ಹಂಗ ತಗೀತಾರೇನ್ರಿ ಅಂತ. ಏನೂ ಹೇಳಲಿಲ್ಲ. ಆವತ್ತೂ ಮೊಳಿಗೇ ಇತ್ತು.”

ಹೋಟೆಲಿನ ಹಿಂದೆ ತೋಟದ ಮೂಲೆಯಲ್ಲಿ ಒಂದು ಕಂಬ, ಕಂಬದ ಮೇಲೆ ಗುಬ್ಬಿ ಗೂಡಿನಂಥ ಸಣ್ಣ ಮನೆ. ಛಾವಣಿ, ಮೆಟ್ಟಿಲು, ಬಾಗಿಲು ಎಲ್ಲ ಇವೆ. ಈ ಊರಲ್ಲಿ ಪ್ರತಿಯೊಂದು ಮನೆಯ ಮುಂದೆ ಇಂಥದು ಇರುತ್ತದೆ, ಆ ನೆಲದಲ್ಲಿ ಇರುವ ಕಾಣದವರಿಗೆ. ಇದು ಬೇರೆ, ರಾಚಯ್ಯನಿಗೆಂದೇ ಕೆಲಸಗಾರರು ಕಟ್ಟಿದ್ದು. ಅವನು ಹೋದ ಮೇಲೆ ಹತ್ತು ದಿನದಲ್ಲಿ ಇಬ್ಬರು ಅದೇ ಪಡಸಾಲೆಯಲ್ಲಿ ಬಿದ್ದು ಕೈಕಾಲು ಮುರಿದುಕೊಂಡರಂತೆ, ಸಪ್ಪಳವೂ ಶುರುವಾಯಿತಂತೆ. ಆಗ ಮೊಳೆಯಲ್ಲಿದ್ದ ಕರಡಿಗೆಯನ್ನು ತಂದು ಈ ಮನೆಯಲ್ಲಿ ಇಟ್ಟರು. ಆಮೇಲೆ ಒಬ್ಬರಿಗೂ ಒಂದು ಗಾಯವಿಲ್ಲ.

ಬಾಗಿಲ ಮುಂದೆ ಮಲ್ಲಿಗೆಯ ಸರ, ಬಾಳೆಹಣ್ಣು, ಸಕ್ಕರೆಯಿಲ್ಲದ ಚಹ. ದಿನಾಲು ಇಡುತ್ತಾರಂತೆ. ಸುತ್ತ ಹತ್ತು ಹನ್ನೆರಡು ಮಂದಿ ಬಂದು ನಿಂತರು. ನನ್ನನ್ನೂ ಆ ಮನೆಯನ್ನೂ ತಿರುಗಿ ತಿರುಗಿ ನೋಡಿದರು, ಎರಡರಲ್ಲಿ ಯಾವುದಕ್ಕೆ ಕೈ ಮುಗಿಯಬೇಕು ಎಂದು ತಿಳಿಯದವರ ಹಾಗೆ. ನೆಲ ಒರೆಸುವ ಹೆಂಗಸೊಬ್ಬಳು ಮುಂದೆ ಬಂದು ಮೆಲ್ಲಗೆ ಏನೋ ಹೇಳಿದಳು. ಜಲಾಲುದ್ದೀನ ತಡವರಿಸಿ ತಿಳಿಸಿದ. ಒಯ್ಯುವುದಾದರೆ ಒಯ್ಯಿರಿ, ಆದರೆ ಸಣ್ಣಯ್ಯಾರನ್ನು ಕೇಳಿ ಒಯ್ಯಿರಿ ಎಂದಳಂತೆ.

ನಾನು ಕೈ ಹಾಕಿ ಕರಡಿಗೆ ತೆಗೆದೆ. ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ನೋಡಿದೆ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಮತ್ತೆ ಕರಡಿಗೆಯಲ್ಲಿ ಇಟ್ಟು ಮುಚ್ಚಿ, ಎಲ್ಲಿತ್ತೋ ಅಲ್ಲಿಯೇ ಇಟ್ಟೆ. ಆ ಹೆಂಗಸು ನೆಲಕ್ಕೆ ಹಣೆ ಹಚ್ಚಿದಳು. ಜಲಾಲುದ್ದೀನನ ಮುಖ ಬೆಳ್ಳಗಾಗಿತ್ತು. ಅಲ್ಲಿ ಬನಶಂಕ್ರವ್ವ ಕುಂತಾಳ, ಅಕಿಗೆ ಏನ್ ಹೇಳ್ತೀರಿ ಎಂದ. ಅಕಿಗೆ ಅಕಿ ಗಂಡನ ಲಿಂಗ ಮುಟ್ಟತೈತಿ ಎಂದೆ. ಅವನಿಗೆ ಆಗ ಅರ್ಥವಾಗಲಿಲ್ಲ.

ಈಗ ನೀನು ಮಾಡಬೇಕಾದದ್ದನ್ನು ಬರೆಯುತ್ತೇನೆ. ಹೊಲದಲ್ಲಿ ನಮ್ಮ ಅವ್ವನ ಗದ್ದುಗೆಯ ಬಲಕ್ಕೆ ಗುಂಡಿ ತೆಗೆಸು. ಮರೋಳದ ಹಿರಿಯ ಅಯ್ಯಾರನ್ನು ಕರೆಸು, ಅವರು ಇಳಿದು ಮಾಡಲಿ. ನಾನು ಮಾಡತಕ್ಕದ್ದಲ್ಲ. ದೇಹ ಇಲ್ಲದ್ದಕ್ಕೆ ಅವರು ಒಂದು ಮಾತು ಆಡಿಯಾರು. ಗಂಡನ ಉಸಿರೇ ಇದು, ದೇಹ ಬೇಡ ಎಂದು ಹೇಳು. ಪತ್ರಿ, ವಿಭೂತಿ ತುಂಬಿ, ನೀನೇ ಮೊದಲ ಹಿಡಿ ಮಣ್ಣು ಹಾಕು. ಬಳೆಯ ವಿಚಾರ ನಿನ್ನದು. ಯಾರೂ ನಿನ್ನ ಕೈ ಹಿಡಿಯಬಾರದು, ತಡೆಯಲೂಬಾರದು. ಆ ದಿನ ತಾಟು ಹಚ್ಚಬೇಕೆನಿಸಿದರೆ ಹಚ್ಚು.

ನೀನು ನಮ್ಮ ಮನೆಗೆ ಬಂದ ದಿನದಿಂದ ನನಗೆ ತಂಗಿಯಾಗಿ ಇದ್ದೀ. ನಿನಗೆ ಗಟ್ಟಿ ಮನಸ್ಸು ಬರಲಿ, ನೆಲ ನಿನ್ನ ಮಾತು ಕೇಳಲಿ.

ಇಂತು,
ಸಂಗಯ್ಯ

ತಾ.ಕ. ಇಷ್ಟು ಬರೆದು ಮಡಿಕೆ ಮಾಡಿದ್ದೆ. ಮತ್ತೆ ಬಿಚ್ಚಿದೆ.

ಆ ಸಣ್ಣ ಮನೆಯಲ್ಲಿ ಇರುವ ಲಿಂಗ ನನ್ನದು. ಅದರ ಪೀಠದ ಅಂಚಿಗೆ ಅಕ್ಕಿಕಾಳಿನಷ್ಟು ಮುಕ್ಕು ಇದೆ. ಚಿಕ್ಕವನಿದ್ದಾಗ ಬಾವಿಯ ಕಟ್ಟೆಯ ಮೇಲೆ ಬಿದ್ದು ಆದದ್ದು. ನಮ್ಮ ಗುರುಗಳು ದೋಷವಿಲ್ಲ ಎಂದಿದ್ದರೂ ನಾನು ಅದನ್ನು ಯಾರಿಗೂ, ರಾಚಯ್ಯನಿಗೂ ಹೇಳಿರಲಿಲ್ಲ. ಮುಕ್ಕಾದ ಲಿಂಗ ಕಟ್ಟಿಕೊಂಡ ಅಯ್ಯನನ್ನು ಕೂಸಿಗೆ ಲಿಂಗ ಕಟ್ಟಲು ಯಾರು ಕರೆಯುತ್ತಾರೆ?

೧೯೮೨ರ ಮೇ ತಿಂಗಳಲ್ಲಿ ಅವನು ಹೊರಟ ಮುಂಜಾನೆ ಇಬ್ಬರೂ ಕೂಡಿ ಪೂಜೆಗೆ ಕೂತೆವು. ಬಸ್ಸಿನ ಹಾರ್ನು ಕೇಳಿ ಅವಸರದಲ್ಲಿ ಎದ್ದೆವು. ಒಬ್ಬನೇ ಪತ್ತಾರ ಮಾಡಿದ ಎರಡು ಕರಡಿಗೆ, ಅದಲುಬದಲಾದವು. ಸಂಜೆಯ ಪೂಜೆಗೆ ಬಿಚ್ಚಿದಾಗ ನನ್ನ ಕೈಯಲ್ಲಿ ಮುಕ್ಕಿಲ್ಲದ ಲಿಂಗ ಇತ್ತು. ಅವನು ಮದ್ರಾಸಿನಲ್ಲಿ ಇನ್ನೂ ನಾಲ್ಕು ದಿನ ಇದ್ದ. ನಾನು ತಾರು ಹೊಡೆಯಲಿಲ್ಲ. ಅಯ್ಯನೇ ತನ್ನ ಲಿಂಗ ತಪ್ಪಿದ ಎಂದು ಊರು ನಕ್ಕೀತು ಎಂದು ಸುಮ್ಮನಾದೆ. ಬಂದ ಮೇಲೆ ಬದಲಿಸಿಕೊಂಡರಾಯಿತು ಎಂದು. ಅಲ್ಲಿಂದ ಈ ಭಾನುವಾರದವರೆಗೆ ನಿನ್ನ ಗಂಡನ ಲಿಂಗ ನನ್ನ ಎದೆಯ ಮೇಲೆ ಇತ್ತು. ಅದನ್ನೇ ಬಿಚ್ಚಿ ನಿನಗೆ ಕಳಿಸಿದ್ದೇನೆ. ಆವತ್ತಿನಿಂದ ಅನ್ನ ನೀರು ಮುಟ್ಟಿಲ್ಲ. ಗುರುಗಳ ಹತ್ತಿರ ಹೊರಟಿದ್ದೇನೆ. ಅವರು ಇನ್ನೊಂದು ಕೊಟ್ಟರೆ ಮನುಷ್ಯರ ನಡುವೆ ಬರುತ್ತೇನೆ.

ಇಷ್ಟೇ ಆಗಿದ್ದರೆ ನಿನ್ನೆದುರು ನಿಂತೇ ಹೇಳುತ್ತಿದ್ದೆ. ಕಳೆದ ವರ್ಷ ಏಪ್ರಿಲ್ ತಿಂಗಳಲ್ಲಿ ಅವನ ಕಾಗದ ಬಂತು. ಅಣ್ಣಾ, ನನ್ನ ಲಿಂಗ ಎಲ್ಲಿಯೋ ತಾಗಿ ಮುಕ್ಕಾಗಿದೆ, ಕೈಯಲ್ಲಿ ಹಿಡಿದರೆ ನನ್ನದು ಅನಿಸುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದ. ನಾನು ಉತ್ತರ ಬರೆದೆ. ಅದು ನನ್ನದು, ಕಲ್ಲಿನ ಕೆಲಸದಲ್ಲಿ ಇನ್ನಷ್ಟು ಮುಕ್ಕಾದೀತು ಎಂಬ ಒಂದೇ ಚಿಂತೆಯಿಂದ ಬರೆದೆ. ಜೀವ ಹೋದರೂ ಲಿಂಗ ತೆಗೆಯಬೇಡಿರಿ ಎಂದು ಊರಿಗೆಲ್ಲ ಹೇಳುವ ಬಾಯಿ ಇದು.

ಆ ಉತ್ತರ ಜಲಾಲುದ್ದೀನ ಜೋಪಾನ ಮಾಡಿಟ್ಟಿದ್ದ ಅವನ ಸಾಮಾನಿನಲ್ಲಿ ಸಿಕ್ಕಿತು. ಹರಿಯಲಿಲ್ಲ. ಈ ಲಕೋಟೆಯಲ್ಲಿಯೇ ಇಟ್ಟಿದ್ದೇನೆ. ಯಾರ ಕೈಯಲ್ಲೂ ಓದಿಸಬೇಡ, ನೀನೇ ಓದು. ಮೂರೇ ಸಾಲು ಇದೆ: ‘ನಿನ್ನ ಲಿಂಗಕ್ಕೆ ಏನೂ ಆಗಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೆಲಸಕ್ಕೆ ಇಳಿಯುವಾಗ ತೆಗೆದಿಡು.’